ಕರಾವಿನ ರೇಖೆಯೂ ವುಡ್ ಪಂಡಿತರ ಸೂತ್ರವೂ

ತರ್ಕಶಾಸ್ತ್ರವನ್ನು ಕಲಿಯತೊಡಗಿದ ವಿದ್ಯಾರ್ಥಿಗೆ ಲಕ್ಷಣವೆಂದರೇನೆಂಬುದನ್ನು ತಿಳಿಸುವಾಗ ನಮ್ಮ ಪೂರ್ವಿಕರು ಗೋವನ್ನೇ ಉದಾಹರಣೆಯಾಗಿ ಕೈಕೊಂಡರು. ಅನ್ನಂಭಟ್ಟನು ತನ್ನ ತರ್ಕಸಂಗ್ರಹಕ್ಕೆ ತಾನೇ ರಚಿಸಿದ ದೀಪಿಕೆಯಲ್ಲಿ ಲಕ್ಷಣದ ಮೂರು ದೋಷಗಳನ್ನು ಗೋವಿನ ಮೂಲಕವೇ ತೋರಿಸುತ್ತಾನೆ. ಕಪಿಲವರ್ಣವೇ ಗೋವಿನ ಲಕ್ಷಣವೆಂದರೆ ಬಿಳಿಯ ಹಸುವೂ ಕರಿಯ ಹಸುವೂ ಹೊರಗುಳಿಯುತ್ತವೆ, ಇದು ಅವ್ಯಾಪ್ತಿ. ಕೊಂಬುಳ್ಳದ್ದೇ ಗೋವೆಂದರೆ ಎಮ್ಮೆಯೂ ಮೇಕೆಯೂ ಒಳಗೆ ನುಗ್ಗುತ್ತವೆ, ಇದು ಅತಿವ್ಯಾಪ್ತಿ. ಸೀಳಿಲ್ಲದ ಒಂಟಿ ಗೊರಸೇ ಗೋವಿನ ಲಕ್ಷಣವೆಂದರೆ ಅಂತಹ ಗೋವು ಲೋಕದಲ್ಲಿಯೇ ಇಲ್ಲ, ಇದು ಅಸಂಭವ. ಕೊನೆಗೆ ಕೊರಳಿನ ಗಂಗೆದೊಗಲೇ ನಿರ್ದುಷ್ಟವಾದ ಲಕ್ಷಣವೆಂದು ನಿಂತಿತು. ಇದು ಪಂಡಿತರಿಗೆಲ್ಲ ಪರಿಚಿತವಾದ ಸಂಗತಿ. ನಾವು ಇಲ್ಲಿ ವಿಮರ್ಶೆಗೆ ತೆಗೆದುಕೊಂಡಿರುವ ವಿಷಯವೂ ಗೋವಿಗೇ ಸಂಬಂಧಪಟ್ಟುದಾದುದರಿಂದ ಈ ಹಳೆಯ ಒರೆಗಲ್ಲನ್ನೇ ಮೊದಲು ಹೊರತೆಗೆದಿದ್ದೇವೆ.

ಹಸುವು ಈದ ದಿನದಿಂದ ಹಾಲು ಬತ್ತುವ ದಿನದವರೆಗಿನ ಅವಧಿಗೆ ನಮ್ಮ ಜನರಲ್ಲಿ ಕರಾವು ಎಂಬ ಅಚ್ಚಗನ್ನಡದ ಮಾತುಂಟು. ಈ ಕರಾವಿನಲ್ಲಿ ಹಾಲು ಒಂದೇ ಸಮನಾಗಿರುವುದಿಲ್ಲವೆಂಬುದನ್ನು ಹಸು ಕಟ್ಟಿದವರಿಗೆ ಹೇಳಬೇಕಾಗಿಲ್ಲ. ಗಿಣ್ಣುಹಾಲಿನ ದಿನಗಳು ಕಳೆದ ಮೇಲೆ ಹಾಲು ಏರುತ್ತದೆ. ಸಾಮಾನ್ಯವಾಗಿ ನಾಲ್ಕನೆಯ ವಾರದಿಂದ ಎಂಟನೆಯ ವಾರದೊಳಗೆ ಶಿಖರವನ್ನು ಮುಟ್ಟುತ್ತದೆ. ಅನಂತರ ತಿಂಗಳುಗಟ್ಟಲೆ ಮೆಲ್ಲಮೆಲ್ಲನೆ ಇಳಿಯುತ್ತದೆ. ಈ ಏರಿಳಿತವನ್ನು ಕಾಗದದ ಮೇಲೆ ಗೆರೆಯಾಗಿ ಬರೆದರೆ ದೊರೆಯುವುದನ್ನು ನಾವು ಕರಾವಿನ ರೇಖೆಯೆಂದು ಕರೆಯುವೆವು. ಶಿಖರದ ಬಳಿಕ ಹಾಲು ಎಷ್ಟರಮಟ್ಟಿಗೆ ಇಳಿಯದೆ ನಿಲ್ಲುವುದೋ ಆ ಗುಣವನ್ನು ತಾಳಿಕೆಯೆನ್ನೋಣ. ಪಾಶ್ಚಾತ್ಯ ದೇಶಗಳಲ್ಲಿ ಕರಾವಿನ ಒಟ್ಟು ಹಾಲನ್ನು ೩೦೫ ದಿನಗಳಿಗೆ ಲೆಕ್ಕಹಾಕುವ ವಾಡಿಕೆಯಿದೆ. ವರ್ಷಕ್ಕೊಂದು ಕರು, ಮುಂದಿನ ಸೂಲಿಗೆ ಮುನ್ನ ಅರುವತ್ತು ದಿನಗಳ ವಿರಾಮ ಎಂಬ ಆದರ್ಶದಿಂದ ಹುಟ್ಟಿದ ಸಂಖ್ಯೆಯಿದು. ಹಸುವಿನ ಮೈಯಲ್ಲಿ ಈ ಸಂಖ್ಯೆಯು ಎಲ್ಲಿಯೂ ಬರೆದಿಲ್ಲ.

ಈ ರೇಖೆಯನ್ನು ಗಣಿತದ ಒಂದು ಸೂತ್ರದಲ್ಲಿ ಅಡಕಮಾಡಬೇಕೆಂಬ ಪ್ರಯತ್ನವು ಶತಮಾನದಷ್ಟು ಹಳೆಯದು. ಅಮೆರಿಕೆಯ ಮಿಸ್ಸೂರಿ ಪ್ರಾಂತದ ವಿಶ್ವವಿದ್ಯಾನಿಲಯದಲ್ಲಿದ್ದ ಸ್ಯಾಮ್ಯುಯಲ್ ಬ್ರೋಡಿ ಮತ್ತು ಅವರ ಸಹೋದ್ಯೋಗಿಗಳು ೧೯೨೩ರಲ್ಲಿ, ಶಿಖರದ ನಂತರದ ಪ್ರತಿಯೊಂದು ತಿಂಗಳ ಹಾಲೂ ಹಿಂದಿನ ತಿಂಗಳ ಹಾಲಿನ ಒಂದು ನಿಶ್ಚಿತಾಂಶವಾಗಿರುತ್ತದೆಯೆಂದು ತೋರಿಸಿದರು. ಅವರ ಸೂತ್ರವು ಇಳಿತವನ್ನು ಮಾತ್ರ ಹೇಳುತ್ತಿದ್ದಿತು. ಮರುವರ್ಷವೇ ಏರಿಕೆಯನ್ನೂ ಅದರಲ್ಲಿ ಸೇರಿಸಿದರು. ಆದರೆ ಈ ವಿಷಯದಲ್ಲಿ ಇಂದಿಗೂ ಎಲ್ಲರ ಬಾಯಲ್ಲಿರುವ ಹೆಸರು ಇಂಗ್ಲೆಂಡಿನ ಪಿ. ಡಿ. ಪಿ. ವುಡ್ ಎಂಬವರದು. ಇವರು ಅಲ್ಲಿನ ಹಾಲು ಮಾರಾಟ ಮಂಡಲಿಯ ಸೇವೆಯಲ್ಲಿದ್ದರು. ೧೯೩೩ರಲ್ಲಿ ಏರ್ಪಟ್ಟು ೧೯೯೪ರಲ್ಲಿ ರದ್ದಾದ ಆ ಮಂಡಲಿಯು ರೈತರ ಹಾಲನ್ನು ಕೊಂಡು ಮಾರುವ ಸಂಸ್ಥೆಯಾಗಿದ್ದುದರಿಂದ, ಯಾವ ತಿಂಗಳಲ್ಲಿ ಎಷ್ಟು ಹಾಲು ಬಂದೀತೆಂಬುದು ಅದಕ್ಕೆ ನಿತ್ಯದ ಪ್ರಶ್ನೆಯಾಗಿದ್ದಿತು. ವುಡ್ ಅವರು ೧೯೬೭ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನವು ಎರಡು ಪುಟಗಳನ್ನೂ ಪೂರ್ತಿಯಾಗಿ ತುಂಬುವುದಿಲ್ಲ. ಇಷ್ಟು ಕಿರಿದಾದ ಮೂಲಕ್ಕೆ ಇಷ್ಟು ಹಿರಿದಾದ ವ್ಯಾಖ್ಯಾನಪರಂಪರೆ ಬೆಳೆದುದು ಬ್ರಹ್ಮಸೂತ್ರಗಳನ್ನು ಬಿಟ್ಟರೆ ವಿರಳವೆಂದು ವಿನೋದವಾಗಿ ಹೇಳಬಹುದು.

ಸೂತ್ರವನ್ನು ಮಾತಿನಲ್ಲಿ ಹೀಗೆ ನಿರೂಪಿಸಬಹುದು. ಈದ ಮೇಲೆ ಕಳೆದ ವಾರಗಳ ಸಂಖ್ಯೆಯನ್ನು ‘ಬ’ ಎಂಬ ಘಾತಕ್ಕೆ ಏರಿಸುವುದು. ಇದು ವಾರ ಕಳೆದಂತೆಲ್ಲ ಹೆಚ್ಚುವ ಅಂಶ. ಪ್ರತಿವಾರವೂ ‘ಕ’ ಎಂಬ ದರದಿಂದ ಕ್ಷಯಿಸುತ್ತ ಹೋಗುವ ಇನ್ನೊಂದು ಅಂಶದಿಂದ ಅದನ್ನು ಗುಣಿಸುವುದು. ಬಂದುದನ್ನು ‘ಅ’ ಎಂಬ ಅಳತೆಯ ಸಂಖ್ಯೆಯಿಂದ ಮತ್ತೆ ಗುಣಿಸಿದರೆ ಆ ವಾರದಲ್ಲಿ ದಿನವೊಂದಕ್ಕೆ ಸರಾಸರಿ ಎಷ್ಟು ಹಾಲೆಂಬುದು ದೊರೆಯುತ್ತದೆ. ಹೆಚ್ಚಿಸುವ ಅಂಶವು ಮೊದಲು ಗೆಲ್ಲುತ್ತದೆ, ಕ್ಷಯಿಸುವ ಅಂಶವು ಕೊನೆಗೆ ಗೆಲ್ಲುತ್ತದೆ. ಎರಡರ ತೂಕವೂ ಸಮವಾಗುವ ವಾರವೇ ಶಿಖರ. ‘ಬ’ವನ್ನು ‘ಕ’ದಿಂದ ಭಾಗಿಸಿದರೆ ಆ ವಾರವು ಬರುತ್ತದೆ. ದೃಷ್ಟಾಂತಕ್ಕಾಗಿ ನಾವೇ ಒಂದು ಹಸುವನ್ನು ಕಲ್ಪಿಸಿಕೊಳ್ಳೋಣ: ಅ ೧೫, ಬ ೦.೨೦, ಕ ೦.೦೪ ಎಂದಿರಲಿ. ಈ ಹಸುವಿನ ಶಿಖರವು ಐದನೆಯ ವಾರದಲ್ಲಿ. ಆಗ ದಿನಕ್ಕೆ ೧೬.೯ ಕಿಲೋಗ್ರಾಂ ಹಾಲು. ಹತ್ತನೆಯ ವಾರದಲ್ಲಿ ೧೫.೯, ಇಪ್ಪತ್ತನೆಯದರಲ್ಲಿ ೧೨.೩, ನಲವತ್ತನಾಲ್ಕನೆಯದರಲ್ಲಿ ೫.೫. ನೋಡಿದೊಡನೆಯೇ ಇದು ಹಸುವಿನ ಲೆಕ್ಕವೆಂದು ಒಪ್ಪುವಂತಿದೆ. ಮೂರೇ ಸಂಖ್ಯೆಗಳಲ್ಲಿ ಹತ್ತು ತಿಂಗಳ ಕರಾವನ್ನು ಅಡಗಿಸಿದ ಈ ಲಾಘವವನ್ನು ಮೆಚ್ಚದವನು ಸೂತ್ರವೆಂಬುದರ ಸೊಗಸನ್ನೇ ಅರಿಯದವನು. ಇದಲ್ಲದೆ ಲಘುಗಣಕಗಳನ್ನು ತೆಗೆದುಕೊಂಡರೆ ಇಡೀ ಸಮೀಕರಣವು ಸರಳವಾದ ಸಂಕಲನವಾಗಿ ಮಾರ್ಪಡುತ್ತದೆ. ಗಣಕಯಂತ್ರಗಳು ದುರ್ಲಭವಾಗಿದ್ದ ಆ ಕಾಲದಲ್ಲಿ ಇದು ಅಲ್ಪವಾದ ಉಪಕಾರವಲ್ಲ.

ಇನ್ನು ಒರೆಗೆ ಹಚ್ಚೋಣ. ಮೊದಲು ಅಸಂಭವ. ವಾರದ ಸಂಖ್ಯೆಯು ಸೊನ್ನೆಯಾಗಿರುವಾಗ, ಎಂದರೆ ಈದ ಗಳಿಗೆಯಲ್ಲಿ, ಈ ಸೂತ್ರದ ಪ್ರಕಾರ ಹಾಲೂ ಸೊನ್ನೆ. ಆದರೆ ಈಯುವ ಹಸುವಿನ ಕೆಚ್ಚಲು ಬಿಗಿದು ತುಂಬಿರುತ್ತದೆ. ಬರಿಯ ಕೆಚ್ಚಲಿನಿಂದ ಕರಾವನ್ನು ತೊಡಗುವ ಹಸು ಒಂಟಿ ಗೊರಸಿನ ಹಸುವಿನಷ್ಟೇ ಅಪೂರ್ವ. ವುಡ್ ಅವರು ವಾರಗಳನ್ನು ಒಂದರಿಂದ ಎಣಿಸಿದುದರಿಂದ ಈ ದೋಷವು ಲೆಕ್ಕದಲ್ಲಿ ಬಾಧಿಸುವುದಿಲ್ಲವೆಂಬುದು ನಿಜ.

ಅತಿವ್ಯಾಪ್ತಿಯು ಇದಕ್ಕಿಂತ ಸ್ವಾರಸ್ಯವಾದುದು. ಇದೇ ಆಕಾರದ ಸೂತ್ರವು ಎಮ್ಮೆಗೂ ಆಡಿಗೂ ಕುರಿಗೂ ಒಪ್ಪುತ್ತದೆ. ಅವೂ ಹಾಲು ಕೊಡುವ ಪ್ರಾಣಿಗಳೇ ಆದುದರಿಂದ ಇದರಲ್ಲಿ ಆಶ್ಚರ್ಯವಿಲ್ಲ. ಆದರೆ ೧೯೭೧ರಲ್ಲಿ ಇದನ್ನು ಕೊಂಚ ತಿದ್ದಿ ಕೋಳಿಯು ಮೊಟ್ಟೆಯಿಡುವ ಕ್ರಮಕ್ಕೂ ಹಚ್ಚಿದರು. ರಕ್ತನಾಳದೊಳಗೆ ಬಣ್ಣವನ್ನು ಚುಚ್ಚಿ, ಅದು ಹೃದಯವನ್ನು ಹಾದು ಬರುವಾಗ ಏರಿಳಿಯುವ ಪ್ರಮಾಣವನ್ನು ಅಳೆಯುವ ವೈದ್ಯರು ವುಡ್ ಅವರಿಗಿಂತ ಮುಂಚೆಯೇ ಇದೇ ಆಕಾರದ ಸಮೀಕರಣವನ್ನು ಬಳಸುತ್ತಿದ್ದರು. ಬೇಗ ಏರಿ ನಿಧಾನವಾಗಿ ಇಳಿಯುವುದೆಲ್ಲವೂ ಈ ಚೀಲದಲ್ಲಿ ಹಿಡಿಯುತ್ತದೆ. ಹೀಗಿರಲು, ಸೂತ್ರವು ಹಸುವಿಗೆ ಒಪ್ಪಿತೆಂಬ ಮಾತ್ರದಿಂದಲೇ ಅದು ಹಸುವಿನ ಅಂತರಂಗವನ್ನು ತಿಳಿಸಿತೆಂದು ಹೇಳಲಾಗದು. ಷಟ್ಪದಿಯ ಮಾತ್ರಾಲೆಕ್ಕವು ಸರಿಹೋಯಿತೆಂದು ಪದ್ಯದ ಭಾವವು ತಿಳಿಯಿತೆನ್ನುವವರುಂಟೆ?

ನಮ್ಮ ಮುಖ್ಯವಾದ ಆಕ್ಷೇಪವು ಇಲ್ಲಿಯೇ ಇದೆ. ಮತ್ತು ಅದು ಮೂಲಕಾರರಿಗಿಂತ ಹೆಚ್ಚಾಗಿ ವ್ಯಾಖ್ಯಾನಕಾರರಿಗೆ ತಗಲತಕ್ಕುದು. ಪಠ್ಯಗ್ರಂಥಗಳನ್ನು ತೆರೆದರೆ ‘ಅ’ ಎಂಬುದು ಆರಂಭದ ಹಾಲು, ‘ಬ’ ಎಂಬುದು ಏರಿಕೆಯ ವೇಗ, ‘ಕ’ ಎಂಬುದು ಇಳಿತದ ವೇಗ ಎಂಬ ಅರ್ಥವಿವರಣೆಯು ಎದುರಾಗುತ್ತದೆ. ಈ ಮೂರು ಅರ್ಥಗಳೂ ಸಡಿಲವಾದವು. ‘ಅ’ ಆರಂಭದ ಹಾಲಲ್ಲ. ಆರಂಭದ ಹಾಲು ಸೊನ್ನೆಯೆಂಬುದನ್ನು ಈಗತಾನೆ ಕಂಡೆವು. ಮೊದಲನೆಯ ವಾರದ ಹಾಲೂ ‘ಅ’ಗಿಂತ ಕಡಿಮೆಯೇ: ನಮ್ಮ ಕಲ್ಪಿತ ಹಸುವಿನಲ್ಲಿ ೧೫ ಅಲ್ಲ, ೧೪.೪. ‘ಕ’ ಇಳಿತದ ವೇಗವೂ ಅಲ್ಲ. ಯಾವುದೇ ವಾರದಲ್ಲಿ ಹಾಲು ಇಳಿಯುವ ನಿಜವಾದ ದರವು, ‘ಬ’ವನ್ನು ಆ ವಾರದ ಸಂಖ್ಯೆಯಿಂದ ಭಾಗಿಸಿ ಬಂದುದನ್ನು ‘ಕ’ದಿಂದ ಕಳೆದರೆ ಉಳಿಯುವಷ್ಟು. ನಮ್ಮ ಹಸುವಿನ ‘ಕ’ವು ನೂರಕ್ಕೆ ನಾಲ್ಕಾದರೂ, ಹತ್ತನೆಯ ವಾರದಲ್ಲಿ ಹಾಲು ಇಳಿಯುವುದು ನೂರಕ್ಕೆ ಎರಡರಂತೆ, ಇಪ್ಪತ್ತನೆಯ ವಾರದಲ್ಲಿ ನೂರಕ್ಕೆ ಮೂರರಂತೆ. ಏರಿಕೆಯೂ ಇಳಿತವೂ ‘ಬ’ ‘ಕ’ಗಳೆರಡರ ಜಗ್ಗಾಟದಿಂದ ಆಗುವಂತಹವು, ಒಂದೊಂದಕ್ಕೆ ಒಂದೊಂದು ಕೆಲಸವನ್ನು ಹಂಚಿಕೊಡುವುದು ಸಮಾಸವನ್ನು ತಪ್ಪಾಗಿ ಬಿಡಿಸಿದಂತೆ.

ಈ ಜಗ್ಗಾಟದ ಫಲವು ಕೇವಲ ಶಬ್ದಾರ್ಥದ ಚರ್ಚೆಯಲ್ಲಿ ನಿಲ್ಲುವುದಿಲ್ಲ. ಇನ್ನೊಂದು ಹಸುವನ್ನು ಕಲ್ಪಿಸಿಕೊಳ್ಳೋಣ: ಅ ೧೫ರಂತೆಯೇ ಇರಲಿ, ಬ ೦.೨೮, ಕ ೦.೦೬ ಆಗಲಿ. ಮೊದಲನೆಯ ವಾರದಲ್ಲಿ ಇದರ ಹಾಲು ೧೪.೧, ಮೊದಲಿನ ಹಸುವಿನದು ೧೪.೪. ಐದನೆಯ ವಾರದಲ್ಲಿ ೧೭.೪, ಮೊದಲಿನದು ೧೬.೯. ಹತ್ತನೆಯ ವಾರದಲ್ಲಿ ೧೫.೭; ಮೊದಲಿನದು ೧೫.೯. ಎರಡೂವರೆ ತಿಂಗಳ ಕಾಲ ಈ ಎರಡು ಹಸುಗಳ ನಡುವಣ ಅಂತರವು ಹೆಚ್ಚೆಂದರೆ ಸುಮಾರು ಅರ್ಧ ಕಿಲೋಗ್ರಾಂ. ಒಂದು ದಿನ ಮೇವು ಬದಲಾದರೆ, ಕರೆಯುವ ಕೈ ಬದಲಾದರೆ ಅಷ್ಟು ವ್ಯತ್ಯಾಸವು ಒಂದೇ ಹಸುವಿನಲ್ಲಿ ಆಗುತ್ತದೆ. ಆದರೆ ಇಪ್ಪತ್ತನೆಯ ವಾರಕ್ಕೆ ಎರಡನೆಯ ಹಸು ೧೦.೫ಕ್ಕೆ ಬಂದಿರುತ್ತದೆ, ನಲವತ್ತನಾಲ್ಕನೆಯ ವಾರಕ್ಕೆ ೩.೧ಕ್ಕೆ ಇಳಿದಿರುತ್ತದೆ, ಮೊದಲನೆಯದು ಇನ್ನೂ ೫.೫ ಕೊಡುತ್ತಿರುವಾಗ. ಇಡೀ ಕರಾವಿನ ಮೊತ್ತದಲ್ಲಿ ನಾನೂರು ಕಿಲೋಗ್ರಾಂಗಳಿಗೂ ಮಿಕ್ಕ ಭೇದ! ಮೊದಲ ಹತ್ತು ವಾರಗಳ ಹಾಲನ್ನು ಅಳೆದು, ಸೂತ್ರವನ್ನು ಹೊಂದಿಸಿ, ಉಳಿದ ಮೂವತ್ತುನಾಲ್ಕು ವಾರಗಳ ಹಾಲನ್ನು ಭವಿಷ್ಯ ನುಡಿಯುವವನು ಈ ಎರಡು ಹಸುಗಳಲ್ಲಿ ಯಾವುದರ ಮುಂದೆ ನಿಂತಿದ್ದೇನೆಂಬುದನ್ನು ಹೇಗೆ ತಿಳಿದಾನು? ಆ ಭವಿಷ್ಯದ ಮೇಲೆ ಒಂದನ್ನು ತಳಿಗೆ ಉಳಿಸಿಕೊಂಡು ಇನ್ನೊಂದನ್ನು ಸಂತೆಗೆ ಹೊಡೆಯುವುದಾದರೆ ಸೂತ್ರದ ಸಡಿಲವು ಪ್ರಾಣಿಯ ಹಣೆಯಬರಹವಾಗುತ್ತದೆ. ತಿಂಗಳಿಗೊಮ್ಮೆ ಮಾತ್ರ ಹಾಲನ್ನು ಅಳೆಯುವ ಕಡೆಗಳಲ್ಲಂತೂ ಹತ್ತು ವಾರಗಳಲ್ಲಿ ದೊರೆಯುವುದು ಎರಡು ಮೂರು ಅಳತೆಗಳು. ಮೂರು ಅಜ್ಞಾತಗಳಿಗೆ ಮೂರು ಅಳತೆಗಳಾದರೆ ಸೂತ್ರವು ಎಲ್ಲ ಬಿಂದುಗಳನ್ನೂ ಮುಟ್ಟಿ ಹೋಗುತ್ತದೆ, ಅದರ ಸತ್ಯವನ್ನು ಪರೀಕ್ಷಿಸಲು ಏನೂ ಉಳಿಯುವುದಿಲ್ಲ.

ಲಘುಗಣಕದ ಸೌಕರ್ಯಕ್ಕೂ ಒಂದು ಬೆಲೆಯುಂಟು. ಲಘುಗಣಕದಲ್ಲಿ ಹೊಂದಿಸುವಾಗ ತಪ್ಪುಗಳ ತೂಕವು ಪ್ರಮಾಣಕ್ಕೆ ತಕ್ಕಂತೆ ಬೀಳುತ್ತದೆ: ಐದು ಕಿಲೋಗ್ರಾಂ ಕೊಡುವ ಕೊನೆಯ ದಿನಗಳಲ್ಲಿ ಅರ್ಧ ಕಿಲೋಗ್ರಾಮಿನ ತಪ್ಪು ಹತ್ತರಲ್ಲೊಂದು ಪಾಲು, ಶಿಖರದಲ್ಲಿ ಅಷ್ಟೇ ತಪ್ಪು ಮೂವತ್ತರಲ್ಲೊಂದು ಪಾಲೂ ಆಗದು. ಆದುದರಿಂದ ಸೂತ್ರವು ಬಾಲದ ಕಡೆಗೆ ಹೆಚ್ಚು ಗಮನಕೊಟ್ಟು ಶಿಖರದ ಕಡೆಗೆ ಉದಾಸೀನವಾಗುತ್ತದೆ. ಶಿಖರದ ಸುತ್ತ ಇದು ನಿಜವಾದ ಹಾಲಿಗಿಂತ ಕಡಿಮೆ ಹೇಳುತ್ತದೆಂದು ಅನೇಕ ಸಂಶೋಧಕರು ಎತ್ತಿ ತೋರಿಸಿರುವರು.

ಹಾಗಾದರೆ ಕರಾವಿನ ಏರಿಳಿತಕ್ಕೆ ನಿಜವಾದ ಕಾರಣವೇನು? ಕೆಚ್ಚಲಿನೊಳಗೆ ಹಾಲನ್ನು ಸ್ರವಿಸುವ ಸೂಕ್ಷ್ಮಕೋಶಗಳುಂಟು. ಹಾಲಿನ ಪ್ರಮಾಣವು ಆ ಕೋಶಗಳ ಸಂಖ್ಯೆಯನ್ನೂ ಒಂದೊಂದು ಕೋಶದ ದುಡಿಮೆಯನ್ನೂ ಅವಲಂಬಿಸಿದೆ. ೨೦೦೧ರಲ್ಲಿ ಅಮೆರಿಕೆಯ ಕಾಪೂಕೋ ಮೊದಲಾದವರು ಪ್ರಕಟಿಸಿದ ಪರೀಕ್ಷೆಗಳಿಂದ, ಶಿಖರದವರೆಗಿನ ಏರಿಕೆಯು ಕೋಶಗಳ ದುಡಿಮೆ ಹೆಚ್ಚುವುದರಿಂದಲೂ ಆಮೇಲಿನ ಇಳಿತವು ಮುಖ್ಯವಾಗಿ ಕೋಶಗಳು ಸಾಯುತ್ತ ಅವುಗಳ ಸಂಖ್ಯೆ ಕುಗ್ಗುವುದರಿಂದಲೂ ಆಗುತ್ತದೆಂದು ತಿಳಿದುಬಂದಿತು. ಇದರ ಮೇಲೆ ಹಸು ಮತ್ತೆ ಗಬ್ಬವಾದರೆ, ಗಬ್ಬದ ಐದನೆಯ ತಿಂಗಳ ಹೊತ್ತಿಗೆ ಹಾಲು ಮತ್ತಷ್ಟು ತಗ್ಗುತ್ತದೆ. ದಿನಕ್ಕೆ ಎರಡು ಹೊತ್ತಿನ ಬದಲು ಮೂರು ಹೊತ್ತು ಕರೆದರೆ ಹೆಚ್ಚುತ್ತದೆ. ಹೊಸ ಹುಲ್ಲು ಬಂದರೆ ಇಳಿಯುತ್ತಿದ್ದ ರೇಖೆಯು ನಡುವೆ ಮತ್ತೊಮ್ಮೆ ತಲೆಯೆತ್ತುತ್ತದೆ. ಹೀಗೆ ‘ಕ’ ಎಂಬ ಒಂದೇ ಅಕ್ಷರದೊಳಗೆ ಕೋಶಗಳ ಮರಣವೂ ಹಸುವು ಗಬ್ಬವಾದ ದಿನವೂ ಹುಲ್ಲುಗಾವಲಿನ ಋತುವೂ ಕರೆಯುವವನ ವೇಳಾಪಟ್ಟಿಯೂ ಸೇರಿಕೊಂಡಿವೆ. ಇದನ್ನು ಹಸುವಿನ ಸ್ವಭಾವವೆಂದು ಕರೆಯುವುದು ಸಾಧುವಲ್ಲ. ವುಡ್ ಅವರಿಗೆ ನ್ಯಾಯವಾಗಿ ಹೇಳಬೇಕಾದರೆ, ೧೯೬೯ರಲ್ಲಿ ಅವರೇ ಬರೆದ ಮತ್ತೊಂದು ಲೇಖನದಲ್ಲಿ, ಹಸುವು ಯಾವ ತಿಂಗಳಲ್ಲಿ ಈದಿತೆಂಬುದರಿಂದ ರೇಖೆಯ ಆಕಾರವು ಹೇಗೆ ಬದಲಾಗುವುದೆಂಬುದನ್ನು ಪರಿಶೀಲಿಸಿದ್ದಾರೆ. ಮೂಲದ ಎಚ್ಚರವು ಟೀಕೆಗಳಲ್ಲಿ ಲೋಪವಾಗುವುದು ನಮ್ಮ ಸಾಹಿತ್ಯದಲ್ಲಿಯೂ ಕಂಡುದೇ.

ವುಡ್ ಅವರ ನಂತರ ಸೂತ್ರಗಳಿಗೆ ಬರವಿಲ್ಲ. ೧೯೮೭ರಲ್ಲಿ ಹಾಲೆಂಡಿನ ವಿಲ್ಮಿಂಕ್ ಅವರದೊಂದು, ಅದೇ ವರ್ಷ ಕೆನಡಾದಲ್ಲಿ ಅಲಿ ಮತ್ತು ಶೇಫರ್ ಅವರದೊಂದು ಹೊರಬಂದಿತು. ಕೋಶಗಳ ಹುಟ್ಟುಸಾವುಗಳಿಂದಲೇ ರೇಖೆಯನ್ನು ಕಟ್ಟುವ ಯತ್ನವನ್ನು ೧೯೮೩ರಲ್ಲಿ ನೀಲ್ ಮತ್ತು ಥಾರ್ನ್‌ಲಿ ಅವರೂ ೧೯೯೭ರಲ್ಲಿ ಡೈಕ್ಸ್ಟ್ರಾ ಮೊದಲಾದವರೂ ಮಾಡಿದರು. ಇವು ಅರ್ಥವಂತವಾದವು, ಗೌರವಾರ್ಹವಾದವು. ಆದರೆ ಕೊಟ್ಟಿಗೆಯ ಪುಸ್ತಕದಲ್ಲಿ ತಿಂಗಳಿಗೊಮ್ಮೆ ಬರೆದ ಹಾಲಿನ ಲೆಕ್ಕವೊಂದರಿಂದಲೇ ಕೋಶಗಳ ಹುಟ್ಟನ್ನೂ ಸಾವನ್ನೂ ಬೇರೆಬೇರೆಯಾಗಿ ಗುರುತಿಸುವುದು ಕಷ್ಟಸಾಧ್ಯ. ಒಂದೊಂದು ದಿನದ ಅಳತೆಯನ್ನೂ ಅದೇ ದಿನ ಅದೇ ಮಂದೆಯ ಇತರ ಹಸುಗಳ ಅಳತೆಯೊಡನೆ ಹೋಲಿಸಿ, ಹಸುವಿನ ರೇಖೆಯು ಸಾಮಾನ್ಯರೇಖೆಯಿಂದ ಎಷ್ಟು ಬಾಗಿದೆಯೆಂಬುದನ್ನು ಮಾತ್ರ ಕೇಳುವ ಕ್ರಮವು ೧೯೯೯ರಲ್ಲಿ ಕೆನಡಾದಲ್ಲಿ ಆಚರಣೆಗೆ ಬಂದಿತು. ತಳಿ ಆರಿಸುವವರಿಗೆ ಇದು ವುಡ್ ಸೂತ್ರಕ್ಕಿಂತ ಪ್ರಾಮಾಣಿಕವಾದ ದಾರಿಯೆಂದು ನಮ್ಮ ಅಭಿಪ್ರಾಯ. ಹುಲ್ಲು ಕೆಟ್ಟ ದಿನದ ಪಾಪವನ್ನು ಇದು ಹಸುವಿನ ತಲೆಗೆ ಕಟ್ಟುವುದಿಲ್ಲ.

ಉಳಿದುದು ಅವ್ಯಾಪ್ತಿ. ‘ಬ’ವು ಋಣಸಂಖ್ಯೆಯಾಗಿ ಬಂದರೆ ರೇಖೆಗೆ ಶಿಖರವೇ ಇರುವುದಿಲ್ಲ, ಮೊದಲ ದಿನದಿಂದ ಇಳಿತವೇ. ಇಂತಹ ರೇಖೆಗಳು ಎಲ್ಲ ದೇಶಗಳ ದಾಖಲೆಗಳಲ್ಲಿಯೂ ದೊರೆಯುತ್ತವೆ. ಇವನ್ನು ವಿಲಕ್ಷಣವೆಂದು ಹೆಸರಿಟ್ಟು ಲೆಕ್ಕದಿಂದ ತೆಗೆದುಹಾಕಿದವರುಂಟು. ಇದು ಬಿಳಿಯ ಹಸುವನ್ನು ಕಂಡು, ಕಪಿಲವರ್ಣವಿಲ್ಲವಾದುದರಿಂದ ಇದು ಗೋವಲ್ಲವೆಂದು ಹೊರಗಟ್ಟಿದಂತೆ. ಲಕ್ಷ್ಯವನ್ನು ನೋಡಿ ಲಕ್ಷಣವನ್ನು ತಿದ್ದಬೇಕೇ ಹೊರತು ಲಕ್ಷಣಕ್ಕಾಗಿ ಲಕ್ಷ್ಯವನ್ನು ಕತ್ತರಿಸುವುದು ಯಾವ ಶಾಸ್ತ್ರಕ್ಕೂ ಸಲ್ಲದು. ಆದರೆ ಮೊದಲ ಅಳತೆಯು ಶಿಖರವು ಕಳೆದ ಮೇಲೆ ನಡೆದಿದ್ದರೂ ಇದೇ ಪರಿಣಾಮವು ಬರುತ್ತದೆ. ಆಗ ಕೊರತೆಯು ಹಸುವಿನದೂ ಅಲ್ಲ, ಸೂತ್ರದ್ದೂ ಅಲ್ಲ, ಪುಸ್ತಕದ್ದು.

ಈ ಪುಸ್ತಕದ ಕೊರತೆಯು ನಮ್ಮ ನಾಡಿಗೆ ವಿಶೇಷವಾಗಿ ಸಂಬಂಧಪಟ್ಟುದು. ಇಂಗ್ಲೆಂಡಿನ ಹೈನುಗಾರಿಕೆಯಲ್ಲಿ ಕರುವನ್ನು ಹುಟ್ಟಿದ ಕೆಲವೇ ದಿನಗಳಲ್ಲಿ ತಾಯಿಯಿಂದ ಅಗಲಿಸುತ್ತಾರೆ; ಕೆಚ್ಚಲಿನಿಂದ ಬಂದುದೆಲ್ಲ ಪಾತ್ರೆಗೆ ಬೀಳುತ್ತದೆ, ಪಾತ್ರೆಯಲ್ಲಿದ್ದುದೆಲ್ಲ ಪುಸ್ತಕಕ್ಕೆ ಏರುತ್ತದೆ. ನಮ್ಮ ನಾಡತಳಿಗಳಲ್ಲಿ ಹಾಗಲ್ಲ. ಕರು ಮೊಲೆಗೆ ಬಾಯಿಟ್ಟಲ್ಲದೆ ತಾಯಿ ಹಾಲನ್ನು ಇಳಿಸುವುದಿಲ್ಲ. ಕರು ಸತ್ತರೆ ಎಷ್ಟೋ ಹಸುಗಳು ಒದ್ದು ನಿಲ್ಲುತ್ತವೆ, ಕರಾವೇ ಮುಗಿದುಹೋಗುತ್ತದೆ. ಆ ದಿನ ರೇಖೆಯು ಇಳಿಯುವುದಿಲ್ಲ, ಕಡಿದು ಬೀಳುತ್ತದೆ. ಯಾವ ‘ಕ’ದಲ್ಲಿಯೂ ಈ ದುಃಖಕ್ಕೆ ಜಾಗವಿಲ್ಲ. ಕರು ಬದುಕಿದ್ದರೆ ಮೊದಲು ಒಂದಿಷ್ಟು, ಕೊನೆಗೆ ಒಂದಿಷ್ಟು ಅದರ ಪಾಲು. ಎಳಗರುವಿಗೆ ಹೆಚ್ಚು ಬಿಡುವ ಮನೆಗಳುಂಟು, ಬಿಡದ ಮನೆಗಳುಂಟು; ಬೆಳೆದ ಮೇಲೆ ಹುಲ್ಲಿಗೆ ಬಾಯಿಟ್ಟ ಕರುವಿಗೆ ಬಿಡುವುದು ಕಡಿಮೆ. ಆದುದರಿಂದ ಪಾತ್ರೆಯ ಹಾಲು ಮೊದಲ ವಾರಗಳಲ್ಲಿ ಏರಿದಂತೆ ಕಂಡರೆ, ಏರಿದುದು ಕೆಚ್ಚಲಿನ ಹಾಲೋ ಅಥವಾ ಇಳಿದುದು ಕರುವಿನ ಪಾಲೋ ಎಂಬುದನ್ನು ಪುಸ್ತಕವು ಹೇಳಲಾರದು. ಅಂತಹ ಲೆಕ್ಕದಿಂದ ಹೊರಟ ‘ಬ’ವು ಹಸುವಿನ ಗುಣವನ್ನಲ್ಲ, ಮನೆಯೊಡತಿಯ ಕೈಯ ಧಾರಾಳತನವನ್ನು ಅಳೆಯುತ್ತಿರಬಹುದು.

ಮೈಸೂರು ಸೀಮೆಯ ಅಮೃತಮಹಲ್ ತಳಿಯ ಕಥೆಯು ಇಲ್ಲಿ ನೆನಪಿಗೆ ಬರುತ್ತದೆ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಈ ದನಗಳ ಇಲಾಖೆಗೆ ಬೆಣ್ಣೆ ಚಾವಡಿಯೆಂಬ ಹೆಸರಿದ್ದಿತು. ಅಮೃತಮಹಲ್ ಎಂಬುದು ಟಿಪ್ಪೂ ಸುಲ್ತಾನನು ಇಟ್ಟ ಹೆಸರು. ಬೆಣ್ಣೆಯೂ ಅಮೃತವೂ ಹೆಸರಿನಲ್ಲಿದ್ದರೂ ಈ ತಳಿಯು ಪ್ರಸಿದ್ಧವಾದುದು ಹಾಲಿಗಲ್ಲ, ನಡಿಗೆಯ ವೇಗಕ್ಕೂ ಎಳೆಯುವ ಕಸುವಿಗೂ. ಇದರ ಹಸುಗಳ ಹಾಲು ಹೆಚ್ಚಾಗಿ ಕರುವಿಗೇ ಮೀಸಲು. ಮುಂದೆ ಎತ್ತಾಗಿ ದುಡಿಯತಕ್ಕ ಕರುವಿನ ಮೈಯಲ್ಲಿಯೇ ತಾಯಿಯ ಕರಾವು ಸಂಚಿತವಾಗುತ್ತದೆ. ಪಾತ್ರೆಯ ಲೆಕ್ಕವನ್ನು ಮಾತ್ರ ನೋಡುವವನಿಗೆ ಇವು ಹಾಲಿಲ್ಲದ ಹಸುಗಳು. ಹಾಲಿಲ್ಲದಿದ್ದರೆ ಅಂತಹ ಎತ್ತುಗಳು ಎಲ್ಲಿಂದ ಬಂದುವು?

ಕರುವಿನ ಪಾಲನ್ನು ಅಳೆಯುವ ಉಪಾಯವು ಇಲ್ಲದಿಲ್ಲ. ಕುಡಿಯುವ ಮುನ್ನ ಕರುವನ್ನು ತಕ್ಕಡಿಯಲ್ಲಿ ತೂಗಿ, ಕುಡಿದೊಡನೆ ಮತ್ತೆ ತೂಗಿದರೆ ಹೆಚ್ಚಿದ ತೂಕವೇ ಅದು ಕುಡಿದ ಹಾಲು. ಸಂಶೋಧನಾಲಯಗಳಲ್ಲಿ ಇದನ್ನು ಮಾಡುತ್ತಾರೆ. ನಡುವೆ ಕರು ಉಚ್ಚೆ ಹೊಯ್ದರೆ ಲೆಕ್ಕ ಕೆಡುತ್ತದೆ. ಎರಡು ಹೊತ್ತು, ವಾರಕ್ಕೊಂದು ದಿನವಾದರೂ ತೂಗಬೇಕು. ಬಡರೈತನ ಕೊಟ್ಟಿಗೆಯಲ್ಲಿ ಅಂತಹ ತಕ್ಕಡಿಯಿಲ್ಲ. ಸಿಂಧಿ, ಸಾಹಿವಾಲ್ ಹಸುಗಳಿಗೂ ಮುರ್ರಾ ಎಮ್ಮೆಗಳಿಗೂ ವುಡ್ ಸೂತ್ರವನ್ನು ಹೊಂದಿಸಿದ ನಮ್ಮ ದೇಶದ ಲೇಖನಗಳನ್ನು ಓದುವವರು, ‘ಬ’ ‘ಕ’ಗಳ ಕೋಷ್ಟಕವನ್ನು ನೋಡುವುದಕ್ಕೆ ಮೊದಲು, ಕರುವನ್ನು ಎಂದು ಅಗಲಿಸಿದರು, ಅದಕ್ಕೆ ಎಷ್ಟು ಹಾಲು ಬಿಟ್ಟರು, ಮೊದಲ ಅಳತೆಯು ಈದ ಎಷ್ಟನೆಯ ದಿನ ನಡೆಯಿತು ಎಂಬ ಮೂರು ಸಂಗತಿಗಳು ಅಲ್ಲಿ ಬರೆದಿವೆಯೇ ಎಂದು ಹುಡುಕಬೇಕು. ಬರೆಯದೆ ಬಿಟ್ಟಿದ್ದರೆ ಆ ಕೋಷ್ಟಕದಲ್ಲಿರುವುದು ಕರೆಯುವ ಪಾತ್ರೆಯ ಚರಿತ್ರೆ.